ಘಟಸರ್ಪ ಮರೆತ ಪದ

ಕೆಂಡವತಿ ನದಿಯ ದಡದಲ್ಲಿ ಜಕ್ಕವ್ವೆ ಎಂಬ ಗುರು ಇದ್ದರು. ಉರಿನುಡಿ ಕಲಿಸುತ್ತಿದ್ದರು.

ಉರಿನುಡಿ ಎಂದರೆ ಘಟಸರ್ಪಗಳ ಭಾಷೆ. ರೆಕ್ಕೆ ಬಿಚ್ಚಿ ಹಾರುವ, ಬಾಯಿ ತೆರೆದರೆ ಬೆಂಕಿ ಉಗುಳುವ ಆ ಜೀವಿಗಳು ಒಂದು ಕಾಲದಲ್ಲಿ ಆಚೆಯ ಬೆಟ್ಟಗಳ ತುಂಬ ಇದ್ದವಂತೆ. ಅವು ಬರೆಯುತ್ತಿರಲಿಲ್ಲ. ಬರೆಯಲು ಹೋದರೆ ಓಲೆ ಸುಟ್ಟುಹೋಗುತ್ತಿತ್ತು. ಹಾಗಾಗಿ ಅವುಗಳ ಮಾತನ್ನು ಮನುಷ್ಯರೇ ತಾಳೆಗರಿಯ ಮೇಲೆ ಬರೆದಿಟ್ಟಿದ್ದರು.

ಆ ಭಾಷೆ ಕಲಿತು ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಆದ್ದರಿಂದ ಜಕ್ಕವ್ವೆಗೆ ಇದ್ದವನು ಒಬ್ಬನೇ ಶಿಷ್ಯ.

ಅವನ ಹೆಸರು ಏಚಣ್ಣ. ವಯಸ್ಸು ಮೂವತ್ತೆಂಟು. ಹದಿನಾಲ್ಕು ವರ್ಷದಿಂದ ಕಲಿಯುತ್ತಿದ್ದ. ಮೈಗೆ ನೀರು ಸುರಿದುಕೊಳ್ಳುವಾಗಲೂ ವಿಭಕ್ತಿ ಪ್ರತ್ಯಯ ಹೇಳಿಕೊಳ್ಳುತ್ತಿದ್ದ. ಘಟಸರ್ಪವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಆಶ್ರಮದ ನಿಘಂಟಿಗೆ ಗೆದ್ದಲು ಹಿಡಿದಿತ್ತು. ಹೊಸ ಪ್ರತಿ ಮಾಡು ಎಂದು ಜಕ್ಕವ್ವೆ ಅವನಿಗೆ ಹೇಳಿದ್ದರು. ಏಚಣ್ಣ ಎರಡು ವರ್ಷ ಕೂತು ಬರೆದ. ಹಳೆಯ ಓಲೆಗಳನ್ನು ಪದ್ಧತಿಯಂತೆ ಹೊಳೆಗೆ ಬಿಟ್ಟ. ಹೊಸ ಕಟ್ಟನ್ನು ತಂದು ಗುರುವಿನ ಮುಂದಿಟ್ಟ.

“ಎಷ್ಟು ಪದ ಆಯ್ತು?” ಎಂದರು ಜಕ್ಕವ್ವೆ.

“ಹತ್ತು ಸಾವಿರದ ಒಂಬೈನೂರ ಐವತ್ತೇಳು.”

“ಹಳೇದರಲ್ಲಿ ಹನ್ನೊಂದು ಸಾವಿರ ಇತ್ತಲ್ಲ?”

“ಇತ್ತು ಅವ್ವಾ. ನಲವತ್ತಮೂರು ಪದ ನಾನೇ ಬಿಟ್ಟೆ.”

“ಗೆದ್ದಲು ತಿಂದಿತ್ತಾ?”

“ಇಲ್ಲ, ಚೆನ್ನಾಗೇ ಇದ್ದವು. ಆದರೆ ಕೊಳಕು.” ಏಚಣ್ಣ ದನಿ ತಗ್ಗಿಸಿದ. “ಬೈಗುಳ. ಇಷ್ಟು ಪ್ರಾಚೀನ ಭಾಷೆಗೆ ಶೋಭೆಯಲ್ಲ.”

“ಗೆದ್ದಲು ಕೂಡ ಬಿಟ್ಟಿದ್ದನ್ನ ನೀನು ತಿಂದೆ,” ಎಂದರು ಜಕ್ಕವ್ವೆ.

ಇದು ಹೊಗಳಿಕೆಯೋ ತೆಗಳಿಕೆಯೋ ಏಚಣ್ಣನಿಗೆ ತಿಳಿಯಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡ.

ಮುಂದಿನ ವಾರ ಘಟಸರ್ಪ ಬಂತು.

ಬೆಳಗಿನ ಹೊತ್ತು. ಸೂರ್ಯನಿಗೆ ಏನೋ ಅಡ್ಡ ಬಂದಂತಾಯಿತು. ಆಮೇಲೆ ಆಶ್ರಮದ ಮುಂದಿನ ಸೋಪಾನದ ಮೇಲೆ ಗುಡ್ಡವೊಂದು ಬಂದು ಕೂತಿತು. ಅದಕ್ಕೆ ಕಣ್ಣುಗಳಿದ್ದವು. ಬಾಲ ನದಿಗೆ ಇಳಿಬಿದ್ದಿತ್ತು. ಬಾಲದ ಸುತ್ತ ನೀರು ಕುದಿಯತೊಡಗಿತು.

ದೋಣಿ ನಡೆಸುವ ನಿಂಬಣ್ಣ ಹುಟ್ಟು ಎಸೆದು ಓಡಿಬಂದು ಜಕ್ಕವ್ವೆಯ ಹಿಂದೆ ಅವಿತುಕೊಂಡ. ಜಕ್ಕವ್ವೆಯ ಎತ್ತರ ಅವನ ಎದೆಯವರೆಗೂ ಇರಲಿಲ್ಲ.

ಏಚಣ್ಣ ಮಾತ್ರ ಓಡಲಿಲ್ಲ. ಹದಿನಾಲ್ಕು ವರ್ಷ ಕಾದ ಗಳಿಗೆ ಇದು. ಉತ್ತರೀಯ ಸರಿಮಾಡಿಕೊಂಡು ಮೆಟ್ಟಿಲಿಳಿದ. ಕೈ ಜೋಡಿಸಿ ಉರಿನುಡಿಯಲ್ಲಿ ಗಟ್ಟಿಯಾಗಿ ಹೇಳಿದ:

“ಎಲೆ ಗಗನಸಂಚಾರಿಣೀ! ಜ್ವಾಲಾವದನೆಯೇ! ಎತ್ತಣಿಂ ಬಂದೆ? ಆವ ಕಾರಣದಿಂ ಬಂದೆ?”

ಘಟಸರ್ಪ ಅವನನ್ನು ನೋಡಿತು. ಜಕ್ಕವ್ವೆಯನ್ನು ನೋಡಿತು.

“ಇವನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ?” ಎಂದು ಕೇಳಿತು.

“ಓದಿದವನು,” ಎಂದರು ಜಕ್ಕವ್ವೆ.

“ಪಾಪ.”

ದನಿ ಹೆಂಗಸಿನದು. ಮುದುಕಿಯ ದನಿ. ಅವಳು ಉಸಿರೆಳೆದುಕೊಂಡು, “ನಾನು ಘೂರ್ಮೆ. ಬೆಟ್ಟದ ಆಚೆಯಿಂದ ಬಂದೆ,” ಎಂದಳು.

ಏಚಣ್ಣನ ಮುಖ ಹುಳ್ಳಗಾಯಿತು.

“ಕ್ಷಮಿಸಬೇಕು,” ಎಂದ. “‘ಬಂದೆ’ ಎನ್ನಲು ತಾವು ‘ಹ್ರುಂ’ ಎಂದಿರಿ. ಸ್ತ್ರೀಲಿಂಗದಲ್ಲಿ ದೀರ್ಘ ಬರಬೇಕು. ‘ಹ್ರೂಂ’. ವ್ಯಾಕರಣದ ಮೂರನೇ ಅಧ್ಯಾಯದಲ್ಲಿದೆ.”

ಘೂರ್ಮೆಯ ಮೂಗಿನಿಂದ ಹೊಗೆ ಬಂತು.

“ಏಚಣ್ಣ,” ಎಂದರು ಜಕ್ಕವ್ವೆ ಮೆಲ್ಲಗೆ. “ಭಾಷೆ ಅವಳದು. ಬೆಂಕೀನೂ ಅವಳದು.”

ಏಚಣ್ಣ ಎರಡು ಮೆಟ್ಟಿಲು ಹಿಂದೆ ಸರಿದ.

ಘೂರ್ಮೆ ತಾನು ಬಂದ ಕಾರಣ ಹೇಳಿದಳು. ಈಗ ಉಳಿದಿರುವುದು ಇಬ್ಬರೇ. ಅವಳು ಮತ್ತು ಅವಳ ಅಕ್ಕ ಝೂರಿ. ಝೂರಿಗೆ ವಯಸ್ಸಾಗಿದೆ. ಯಾರ ಗುರುತೂ ಸಿಗುವುದಿಲ್ಲ. ಗವಿಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ತಿನ್ನುವುದಿಲ್ಲ, ಮಾತಾಡುವುದಿಲ್ಲ. ಹೊಟ್ಟೆಯ ಬೆಂಕಿ ದಿನಕ್ಕಿಷ್ಟು ಕಡಿಮೆಯಾಗುತ್ತಿದೆ.

“ಬೆಂಕಿ ಆರಿದರೆ ನಾವು ಮುಗಿದ ಹಾಗೆ,” ಎಂದಳು ಘೂರ್ಮೆ. “ಇನ್ನು ಹೆಚ್ಚೆಂದರೆ ಹತ್ತು ದಿನ ಇರಬಹುದು. ಇರಲಿ, ವಯಸ್ಸಾಗಿದೆ, ಹೋಗಲಿ. ಆದರೆ ನಾನು ಯಾರು ಅಂತ ಗೊತ್ತಿಲ್ಲದೆ ಹೋಗಬಾರದು.”

“ನಮ್ಮಿಂದ ಏನಾಗಬೇಕು?” ಎಂದರು ಜಕ್ಕವ್ವೆ.

“ಚಿಕ್ಕವರಿದ್ದಾಗ ಅವಳನ್ನ ಒಂದು ಪದದಿಂದ ಕರೀತಿದ್ದೆ. ನಾನೊಬ್ಬಳೇ ಹಾಗೆ ಕರೀತಿದ್ದದ್ದು. ಕೇಳಿದರೆ ಸಾಕು, ನಕ್ಕು ನಕ್ಕು ಉರುಳಾಡೋಳು. ಅದನ್ನ ಅವಳ ಕಿವಿಯಲ್ಲಿ ಹೇಳಿದರೆ ತಿರುಗಿ ನೋಡ್ತಾಳೆ. ನನಗೆ ಗೊತ್ತು.”

“ಹೇಳಿ ನೋಡಿದಿರಾ?”

“ಮರೆತುಹೋಗಿದೆ.” ಘೂರ್ಮೆಯ ತಲೆ ನೆಲಕ್ಕೆ ತಾಗಿತು. “ನಾನೂರು ವರ್ಷ ಆಯ್ತು. ನಿಮ್ಮ ಹಿಂದಿನವರು ನಮ್ಮ ಗವಿ ಬಾಗಿಲಲ್ಲಿ ಕೂತು ಆಡಿದ್ದನ್ನೆಲ್ಲ ಬರೆದುಕೊಳ್ತಿದ್ದರು. ಮಕ್ಕಳು ನಾವು, ಅವರನ್ನ ನೋಡಿ ನಗ್ತಿದ್ದೆವು. ಆ ಓಲೆ ನಿಮ್ಮ ಹತ್ತಿರ ಇದೆಯಂತೆ.”

“ಎಂಥ ಪದ?” ಎಂದ ಏಚಣ್ಣ.

“ಮುದ್ದಿನ ಪದ. ಚಿಕ್ಕದು. ಮೂರು ದಿನ ಇಲ್ಲಿ ಕೂತಿರ್ತೀನಿ. ಅದಕ್ಕಿಂತ ಹೆಚ್ಚು ಅವಳನ್ನ ಬಿಟ್ಟಿರಲಾರೆ.”

“ಎಲ್ಲ ಓದಿಹೇಳು,” ಎಂದು ಜಕ್ಕವ್ವೆ ಶಿಷ್ಯನಿಗೆ ಹೇಳಿದರು.

“ಎಲ್ಲ ಓದ್ತೀನಿ ಅವ್ವಾ.”

“ಎಲ್ಲ ಅಂದೆ.”

ಏಚಣ್ಣ ಕೇಳಿಸದವನಂತೆ ಓಲೆಯ ಕಟ್ಟು ಬಿಚ್ಚಿದ. ಮುದ್ದಿನ ಪದವನ್ನು ಬೈಗುಳಗಳಲ್ಲಿ ಹುಡುಕಲು ಅವನಿಗೇನು ತಲೆ ಕೆಟ್ಟಿತ್ತೇ?

ಮೊದಲ ದಿನ ಮುದ್ದಿನ ಪದಗಳನ್ನೆಲ್ಲ ಓದಿದ. ಅಕ್ಕ ಎನ್ನುವುದಕ್ಕೇ ಉರಿನುಡಿಯಲ್ಲಿ ಎಪ್ಪತ್ತಾರು ಪದಗಳಿದ್ದವು. ಕೆಂಡದಂಥವಳು, ಬೆಳ್ಳಿಮೋಡದ ಒಡತಿ, ಮೊದಲು ಮೊಟ್ಟೆಯೊಡೆದವಳು.

“ಅಲ್ಲ,” ಎಂದಳು ಘೂರ್ಮೆ. “ಅಲ್ಲ. ಅದೂ ಅಲ್ಲ. ಹಾಗೆ ಕರೆದಿದ್ದರೆ ನಿನಗೆ ಜ್ವರ ಬಂದಿದೆಯೇ ಅಂತ ಅವಳು ಕೇಳ್ತಿದ್ದಳು.”

ಎರಡನೇ ದಿನ ಏಚಣ್ಣ ನಿಘಂಟನ್ನು ಮೊದಲಿನಿಂದ ಓದತೊಡಗಿದ. ಗಾಳಿಯ ಹೆಸರುಗಳು, ಕಲ್ಲುಗಳ ಹೆಸರುಗಳು. ಮಧ್ಯಾಹ್ನದ ಹೊತ್ತಿಗೆ ಘೂರ್ಮೆಗೆ ಜೋಂಪು ಹತ್ತಿತು. ಒಂದು ಗೊರಕೆಗೆ ದೋಣಿಯ ಹಗ್ಗ ಸುಟ್ಟಿತು. ಇನ್ನೊಂದಕ್ಕೆ ನಿಂಬಣ್ಣನ ಎಡ ಮೀಸೆ ಹೋಯಿತು.

“ಊರಲ್ಲಿ ಏನಂತಾರೆ?” ಎಂದು ಜಕ್ಕವ್ವೆ ನಿಂಬಣ್ಣನನ್ನು ಕೇಳಿದರು.

“ಏನಂತಾರೆ? ನದಿಯೆಲ್ಲ ಬಿಸಿನೀರು. ಆಚೆ ದಡದಲ್ಲಿ ಇಡೀ ಊರೇ ಎಣ್ಣೆ ಹಚ್ಚಿಕೊಂಡು ಇಳಿದಿದೆ. ಬಾಣಂತಿಯರನ್ನೂ ಕರ್ಕೊಂಡು ಬಂದಿದ್ದಾರೆ. ಇನ್ನೊಂದು ವಾರ ಇರೋಕೆ ಹೇಳಿ ಅಂತಾರೆ.” ಅವನು ಬಲ ಮೀಸೆ ಮುಟ್ಟಿ ನೋಡಿಕೊಂಡ. “ಮೀನುಗಳಿಗೆ ಮಾತ್ರ ಸರಿಹೋಗಿಲ್ಲ.”

ಜಕ್ಕವ್ವೆ ಶಿಷ್ಯನ ಬಳಿ ಬಂದು ಕೂತರು.

“ಆ ನಲವತ್ತಮೂರನ್ನೂ ಹೇಳಿ ನೋಡಬಾರದಾ?”

“ಅವ್ವಾ! ಅವಳು ಕೇಳ್ತಿರೋದು ಮುದ್ದಿನ ಪದ.”

“ನಿನಗೆ ಅಕ್ಕತಂಗಿಯರು ಇದ್ದಾರಾ?”

“ಇಲ್ಲ. ಒಬ್ಬನೇ ಮಗ.”

“ಅದೇ,” ಎಂದು ಜಕ್ಕವ್ವೆ ಎದ್ದು ಹೋದರು.

ಏಚಣ್ಣನಿಗೆ ಅಂದು ಊಟ ಸೇರಲಿಲ್ಲ. ಆದರೂ ಹಟ ಬಿಡಲಿಲ್ಲ. ಉಳಿದ ಓಲೆಗಳಲ್ಲಿ ಸಿಕ್ಕೇ ಸಿಗುತ್ತದೆ ಎಂದುಕೊಂಡ.

ಮೂರನೇ ದಿನ ಬೆಳಗಿನಿಂದ ಓದಿದ. ಗಂಟಲು ಒಡೆಯಿತು. ಹೊತ್ತು ಇಳಿಮುಖವಾದಾಗ ಕೊನೆಯ ಓಲೆಯ ಕೊನೆಯ ಪದ ಮುಗಿಯಿತು. ಅದು ಒಂದು ಜಾತಿಯ ಪಾಚಿಯ ಹೆಸರು.

“ಅಲ್ಲ,” ಎಂದಳು ಘೂರ್ಮೆ. “ಮುಂದೆ?”

“ಇಷ್ಟೇ.”

“ಇಷ್ಟೇನಾ?”

“ಇಷ್ಟೇ.”

ಘೂರ್ಮೆಯ ಕಣ್ಣಿನಿಂದ ಒಂದು ಹನಿ ಬಿತ್ತು. ಚುಂಯ್ ಎಂದು ಮೆಟ್ಟಿಲ ಕಲ್ಲು ಕರಗಿ ಅಂಗೈಯಷ್ಟು ಕುಳಿಯಾಯಿತು.

“ಹಾಗಾದರೆ ಅವರು ಅದೊಂದನ್ನ ಬರೆದುಕೊಳ್ಳಲಿಲ್ಲ ಅಂತ ಕಾಣುತ್ತೆ,” ಎಂದಳು. “ಶ್ರಮ ಕೊಟ್ಟೆ. ಬರ್ತೀನಿ.”

ರೆಕ್ಕೆ ಅರ್ಧ ಬಿಚ್ಚಿದಳು. ಆಚೆ ದಡದಲ್ಲಿ ಮೀಯುತ್ತಿದ್ದವರು ತಲೆಯೆತ್ತಿ ನೋಡಿದರು.

ಏಚಣ್ಣ ಆ ಕುಳಿಯನ್ನೇ ನೋಡುತ್ತಿದ್ದ.

“ನಿಲ್ಲಿ,” ಎಂದ. ಈ ಸಲ ಸಂಬೋಧನೆ ಮರೆತಿದ್ದ. “ಅದು ಮುದ್ದಿನ ಪದವೇ ತಾನೇ?”

“ಮುದ್ದಿನದೇ. ಅಮ್ಮನಿಗೆ ಮಾತ್ರ ಆಗ್ತಿರಲಿಲ್ಲ. ಆಡಿದ್ದು ಕೇಳಿದರೆ ಬಾಲದಲ್ಲಿ ಬಾರಿಸೋಳು.”

ಏಚಣ್ಣ ನಿಧಾನವಾಗಿ ಗುರುವಿನ ಕಡೆ ತಿರುಗಿದ. ಜಕ್ಕವ್ವೆ ಆಕಾಶ ನೋಡುತ್ತಿದ್ದರು.

“ಅವ್ವಾ… ಆ ನಲವತ್ತಮೂರು…”

“ಓಲೆ ಹೊಳೆಗೆ ಹೋಯ್ತಲ್ಲ. ನನಗೆ ಒಂದೂ ನೆನಪಿಲ್ಲ. ಓಲೆ ಇದೆ ಅಂತ ನಾನೂ ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ. ನಿನಗೆ?”

ಏಚಣ್ಣನ ಕಿವಿ ಕೆಂಪಾಯಿತು.

“ಎಲ್ಲ ನೆನಪಿದೆ.”

“ನಲವತ್ತಮೂರೂ?”

“ಬಿಡೋ ಮೊದಲು ಒಂದೊಂದನ್ನೂ ನಾಲ್ಕು ನಾಲ್ಕು ಸಲ ಓದಿದ್ದೆ. ನಿಜವಾಗಿ ಕೊಳಕೇ ಹೌದೋ ಅಂತ ನೋಡೋಕೆ.”

“ಮಿಕ್ಕ ಹತ್ತು ಸಾವಿರ ಚಿಲ್ಲರೆ?”

“ಓಲೆ ನೋಡಿದರೆ ಹೇಳಬಲ್ಲೆ.”

ಜಕ್ಕವ್ವೆ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನಿಂಬಣ್ಣನಿಗೆ ಅನುಮಾನ ಬಂತು.

“ನಿಮ್ಮ ಕಿವಿಯಲ್ಲಿ ಹೇಳ್ತೀನಿ ಅವ್ವಾ. ನೀವು ಅವಳಿಗೆ ಹೇಳಿ,” ಎಂದು ಏಚಣ್ಣ ಅಂಗಲಾಚಿದ.

ಜಕ್ಕವ್ವೆ ಬಾಯಿ ತೆರೆದು ತೋರಿಸಿದರು. “ಬೈಯೋಕೆ ಮುಂದಿನ ಹಲ್ಲು ಬೇಕಪ್ಪ.”

ಏಚಣ್ಣ ಮೆಟ್ಟಿಲಿಳಿದ. ಘೂರ್ಮೆಯ ಕಿವಿಯ ಹತ್ತಿರ ಹೋಗಿ, ಕೈ ಮರೆಮಾಡಿ, ಮೊದಲನೆಯದನ್ನು ಪಿಸುಗುಟ್ಟಿದ.

“ಏನು?”

ಮತ್ತೆ ಪಿಸುಗುಟ್ಟಿದ.

“ಕಿವಿ ಮಂದ ಕಣಪ್ಪ. ಗಟ್ಟಿಯಾಗಿ ಹೇಳು.”

ಏಚಣ್ಣ ಕಣ್ಣು ಮುಚ್ಚಿದ. ಮುಷ್ಟಿ ಬಿಗಿದ. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ.

ನದಿಯ ಎರಡೂ ದಡಕ್ಕೆ ಕೇಳಿಸಿತು. ಊರವರಿಗೆ ಉರಿನುಡಿ ಬಾರದು. ಆದರೆ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು. ಹಿರಿಯರೊಬ್ಬರು ಚೆನ್ನಾಗಿ ಕೇಳಿಸಲಿ ಎಂದು ಕಿವಿಯ ನೀರು ಬಸಿದುಕೊಂಡರು.

“ಅಲ್ಲ,” ಎಂದಳು ಘೂರ್ಮೆ. ಆದರೆ ಅವಳ ಕಣ್ಣು ಅರಳಿತ್ತು. “ಅಲ್ಲ, ಆದರೆ ಅದೇ ಓಣಿಯದು. ಇನ್ನೊಂದು ಹೇಳು!”

ಏಚಣ್ಣ ಎರಡನೆಯದನ್ನು ಕೂಗಿದ. ಮೂರನೆಯದನ್ನು ಕೂಗಿದ. ಐದನೆಯದು ಮುಗಿಯುವಷ್ಟರಲ್ಲಿ ಅವನ ಉತ್ತರೀಯ ಜಾರಿ ನೀರಿಗೆ ಬಿದ್ದಿತ್ತು. ಹತ್ತನೆಯದಕ್ಕೆ ದನಿಗೆ ಒಂದು ಹದ ಬಂತು. ಹದಿನೈದನೆಯದಕ್ಕೆ ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ಇವನು ನಮ್ಮ ಏಚಣ್ಣನೇನಾ?” ಎಂದ ನಿಂಬಣ್ಣ.

“ಈಗ ಕಲೀತಿದ್ದಾನೆ,” ಎಂದರು ಜಕ್ಕವ್ವೆ.

ಹತ್ತೊಂಬತ್ತನೆಯದು, “ಫುರ್ಬುಸ್ಕಿ!”

ಘೂರ್ಮೆ ಬಿಚ್ಚಿದ್ದ ರೆಕ್ಕೆಯನ್ನು ಮಡಚಿದಳು.

ನದಿಯೂ ಒಂದು ಗಳಿಗೆ ಕುದಿಯುವುದನ್ನು ನಿಲ್ಲಿಸಿದಂತೆ ಕಂಡಿತು.

“ಫುರ್ಬುಸ್ಕಿ,” ಎಂದಳು ಅವಳು, ಮಗುವಿನ ದನಿಯಲ್ಲಿ.

ಆಮೇಲೆ ನಕ್ಕಳು. ಅವಳ ನಗೆಗೆ ತಾಳೆಮರ ಎತ್ತರದ ಬೆಂಕಿ ಎದ್ದಿತು. ಆಶ್ರಮದ ಹುಲ್ಲಿನ ಮಾಡು ಹೊತ್ತಿಕೊಂಡಿತು. ನಿಂಬಣ್ಣನ ಬಲ ಮೀಸೆಯೂ ಹೋಯಿತು. ಏಚಣ್ಣನಿಗೆ ಹುಬ್ಬೇ ಉಳಿಯಲಿಲ್ಲ.

ಘೂರ್ಮೆ ರೆಕ್ಕೆ ಬಿಚ್ಚಿ ಹಾರಿದಳು. ಮತ್ತೆ ಮರೆತುಹೋದೀತೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಹೋದಳು. ಬೆಟ್ಟ ದಾಟುವವರೆಗೂ ಆಕಾಶದಿಂದ “ಫುರ್ಬುಸ್ಕಿ, ಫುರ್ಬುಸ್ಕಿ” ಎಂದು ಕೇಳಿಸುತ್ತಿತ್ತು.

ಎಲ್ಲರೂ ಸೇರಿ ಮಾಡಿನ ಬೆಂಕಿ ಆರಿಸಿದರು. ಬಿಸಿನೀರಿನಲ್ಲೇ ಆರಿಸಬೇಕಾಯಿತು.

“ಏನು ಸ್ವಾಮಿ ಆ ಪದದ ಅರ್ಥ?” ಎಂದ ನಿಂಬಣ್ಣ.

ಏಚಣ್ಣ ಗಂಟಲು ಸರಿಮಾಡಿಕೊಂಡ. “ಪೂರ್ವ ದ್ವಾರದಿಂದ ಹೊರಡಬೇಕಾದ ಅಗ್ನಿಯು… ಯಾರಿಗೆ… ಪಶ್ಚಿಮ ದ್ವಾರದಿಂದ ನಿರ್ಗಮಿಸುವುದೋ… ಅಂಥವಳು.”

ನಿಂಬಣ್ಣ ಯೋಚಿಸಿದ. ದಿಕ್ಕುಗಳನ್ನು ಲೆಕ್ಕ ಹಾಕಿದ. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನು ನಗು ನಿಲ್ಲಿಸಿ ದೋಣಿ ಹತ್ತಲು ಬಹಳ ಹೊತ್ತು ಬೇಕಾಯಿತು.

ಎಲ್ಲರೂ ಹೋದ ಮೇಲೆ ಏಚಣ್ಣ ಗುರುವಿನ ಕಾಲಿಗೆ ಬಿದ್ದ.

“ಎರಡನೇ ದಿನವೇ ನೀವು ಹೇಳಿದಿರಿ. ನಾನು ಕೇಳಲಿಲ್ಲ. ಒಂದು ದಿನ ಹಾಳು ಮಾಡಿದೆ. ಅವಳ ಅಕ್ಕ ಅಷ್ಟರಲ್ಲಿ…” ಅವನು ಹಣೆಯನ್ನು ನೆಲಕ್ಕೆ ಒತ್ತಿದ. “ನನ್ನನ್ನು ಬೈಯಿರಿ ಅವ್ವಾ.”

“ಯಾವ ಪದ ಹಿಡಿದು ಬೈಯಲಪ್ಪ? ಎಲ್ಲ ತೆಗೆದು ಹಾಕಿದ್ದೀಯಲ್ಲ.”

ಅಂದಿನಿಂದ ಏಚಣ್ಣ ಕೂತು ನಲವತ್ತಮೂರನ್ನೂ ಬರೆದ. ಕೈ ಮೊದಮೊದಲು ಅಳುಕಿತು, ಆಮೇಲೆ ಅಳುಕಲಿಲ್ಲ. ಬರೆಯುವಾಗಲೆಲ್ಲ ತಲೆಯೆತ್ತಿ ಬೆಟ್ಟದ ಕಡೆ ನೋಡುತ್ತಿದ್ದ.

ಒಂಬತ್ತನೇ ದಿನ ಘೂರ್ಮೆ ಬಂದಳು. ಈ ಸಲ ಸದ್ದಿಲ್ಲದೆ ಇಳಿದಳು. ಬಾಲವನ್ನು ಮೇಲೆತ್ತಿ ಬಂಡೆಯ ಮೇಲಿಟ್ಟುಕೊಂಡಳು. ಮೀನುಗಳ ವಿಷಯ ಅವಳಿಗೆ ಯಾರೋ ಹೇಳಿರಬೇಕು.

ಏಚಣ್ಣ ಓಡಿದ. “ಅಕ್ಕ ಜೀವಂತ ಸಿಕ್ಕಿದರಾ?”

“ಸಿಕ್ಕಿದಳು.”

“ಹೇಳಿದಿರಾ?”

“ಕಿವಿಯಲ್ಲಿ ಹೇಳಿದೆ. ಮೊದಲು ಅಲುಗಾಡಲಿಲ್ಲ. ಎರಡನೇ ಸಲ ಬಾಲದ ತುದಿ ಆಡಿತು. ಮೂರನೇ ಸಲ ಹೊಟ್ಟೆಯೊಳಗೆ ಗುಡುಗಿತು. ನಕ್ಕಳು ಕಣೋ! ಗವಿಯ ಛಾವಣಿ ಕಪ್ಪಾಗೋ ಹಾಗೆ ನಕ್ಕಳು. ನನ್ನ ಕಡೆ ತಿರುಗಿ, ನನ್ನನ್ನ ಕರೀತಿದ್ದ ಪದ ಹಿಡಿದು ಕರೆದಳು.”

“ಗುರುತು ಸಿಕ್ಕಿತು!”

“ಸಿಕ್ಕಿತು. ಐದು ದಿನ ಇಬ್ಬರೂ ಬೇರೆ ಏನೂ ಆಡಲಿಲ್ಲ. ಅವಳು ಒಂದು, ನಾನೊಂದು. ಅಷ್ಟೇ. ನಗ್ತಾ ನಗ್ತಾನೇ ಆರಿದಳು.”

ದುಃಖ ಸೂಚಿಸಲು ಉರಿನುಡಿಯಲ್ಲಿ ಇಪ್ಪತ್ತೆರಡು ಕ್ರಮಗಳಿವೆ. ಏಚಣ್ಣನಿಗೆ ಎಲ್ಲ ಬರುತ್ತಿತ್ತು. ಅವನು ಹೋಗಿ ಅವಳ ಮುಂಗಾಲಿನ ಪಕ್ಕದಲ್ಲಿ ಕೂತ. ಬಿಸಿ ತಡೆಯುವಷ್ಟು ಹೊತ್ತು ಕೂತಿದ್ದ.

“ಈಗ ನನ್ನನ್ನ ಹಾಗೆ ಕರೆಯೋರು ಯಾರೂ ಇಲ್ಲ,” ಎಂದಳು ಘೂರ್ಮೆ. “ನಾನು ಮತ್ತೆ ಮರೀತೀನಿ. ಬರೆದಿಟ್ಟುಕೋ. ಆಗಾಗ ಬಂದು ಕೇಳ್ತೀನಿ. ಗಟ್ಟಿಯಾಗಿ ಹೇಳಬೇಕು.”

“ಹೇಳ್ತೀನಿ.”

ಏಚಣ್ಣ ಹೊಸ ಓಲೆ ತಂದ. ಓಲೆಯ ಮೇಲೆ ಕೊರೆದು ಬರೆಯುವ ಕಂಟ ಹಿಡಿದ.

“ಡುಂಗುಟ್ರಿ,” ಎಂದಳು ಘೂರ್ಮೆ.

“‘ಡುಂ’ ಹ್ರಸ್ವವೋ ದೀರ್ಘವೋ?”

“ಅವಳು ಹ್ರಸ್ವ ಹೇಳ್ತಿದ್ದಳು. ನಗು ಬಂದಾಗ ದೀರ್ಘ.”

ಏಚಣ್ಣ ಎರಡನ್ನೂ ಬರೆದ. ಆಮೇಲೆ ಕಂಟ ನಿಂತಿತು. ಪದವನ್ನು ಹಿಂದಿನಿಂದ ಬಿಡಿಸಿದ, ಮುಂದಿನಿಂದ ಬಿಡಿಸಿದ. ಧಾತು ಸಿಗಲಿಲ್ಲ, ಪ್ರತ್ಯಯವೂ ಸಿಗಲಿಲ್ಲ. ಹನ್ನೊಂದು ಸಾವಿರದಲ್ಲಿ ಅದರ ನೆಂಟರು ಯಾರೂ ಇರಲಿಲ್ಲ.

“ಇದರ ಅರ್ಥ ಏನು?” ಎಂದು ಘೂರ್ಮೆಯನ್ನು ಕೇಳಿದ.

“ನನಗೇನು ಗೊತ್ತು? ಅವಳೇ ಕಟ್ಟಿದ್ದು. ನಾನು ಇನ್ನೂ ಹಾರೋಕೆ ಕಲಿತಿರಲಿಲ್ಲ.”

ಏಚಣ್ಣ ಓಲೆ ಹಿಡಿದುಕೊಂಡು ಗುರುವಿನ ಬಳಿ ಬಂದ. ಜಕ್ಕವ್ವೆ ಮಾಡಿಗೆ ಹೊಸ ಹುಲ್ಲು ಹೊಂದಿಸುತ್ತಿದ್ದರು.

“ಅವ್ವಾ, ಪದ ಬರೆದಿದ್ದೀನಿ. ಅದರ ಮುಂದೆ ಅರ್ಥದ ಜಾಗ ಖಾಲಿ ಇದೆ. ಏನಂತ ಬರೆಯಲಿ?”

ಜಕ್ಕವ್ವೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದ ಘೂರ್ಮೆಯ ಕಡೆ ನೋಡಿದರು.

“‘ಅಕ್ಕ ತಂಗಿಯನ್ನು ಕರೆದದ್ದು’ ಅಂತ ಬರೆ.”